‘ಫೋನ್ ಬೇಡ, ಮೇಲ್ ಹಾಕಿ’ ಅನ್ನುವ ಗಿರಾಕಿಗೆ ಏನು ಬರೆಯಬೇಕು?

ಚಿಕ್ಕಮಗಳೂರು ಪೇಟೆಗೆ ಹೋದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಜೇನು ಮಾರುವವರು, ಕಾಳುಮೆಣಸು ಪ್ಯಾಕೆಟ್ ಮಾಡುವವರು, ನನ್ನ ಹಾಗೆ ಸ್ವಂತ ತೋಟದ ಕಾಫಿ ಹುರಿದು ನೇರವಾಗಿ ಮನೆಗಳಿಗೆ ಕಳಿಸುವವರು. ‘ಬೆಂಗಳೂರಿನ ಮೇಳದಲ್ಲಿ ಕುಡಿದು ನೋಡ್ತಾರೆ, ಚೆನ್ನಾಗಿದೆ ಅಂತಾರೆ. ನಂಬರ್ ಕೇಳಿದ್ರೆ ಫೋನ್ ಬೇಡ, ಮೇಲ್ ಹಾಕಿ ಅಂತಾರೆ. ಅಂದ್ರೆ ಬೇಡ ಅಂತ ತಾನೆ? ಇವರನ್ನ ಫಾಲೋಅಪ್ ಮಾಡೋದು ಹೇಗೆ?’

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಒಂದು ಮೇಳದಲ್ಲಿ ವಯಸ್ಸಾದ ಒಬ್ಬ ಮೇಡಂ ನಮ್ಮ ಪುಸ್ತಕದಲ್ಲಿ ಫೋನ್ ನಂಬರನ್ನೂ ಮೇಲ್ ವಿಳಾಸವನ್ನೂ ಬರೆದು, ಮೇಲ್ ವಿಳಾಸದ ಕೆಳಗೆ ಎರಡು ಗೆರೆ ಎಳೆದಿದ್ದರು. ಗೆರೆ ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಮಾತಾಡಿದರೆ ಮಾರಾಟ ಬೇಗ ಕುದುರುತ್ತದೆ ಎಂದು ಒಂದೇ ವಾರದಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ಐದನೇ ದಿನ ಅವರಿಂದಲೇ ಮೇಲ್ ಬಂತು. ‘ನನಗೆ ಕಿವಿ ಮಂದ. ಫೋನಿನಲ್ಲಿ ಅರ್ಧ ಮಾತು ತಪ್ಪಿಹೋಗುತ್ತದೆ. ಏನಕ್ಕೆ ಹ್ಞೂಂ ಅಂದೆನೋ ಎಂದು ಆಮೇಲೆ ಹೆದರಿಕೆಯಾಗುತ್ತದೆ. ದಯವಿಟ್ಟು ಬರೆದು ತಿಳಿಸಿ.’

ಆ ಮೇಲ್ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಅವರು ಮೊದಲ ದಿನವೇ ಬಾಗಿಲು ತೋರಿಸಿದ್ದರು, ನಾನು ಕಿಟಕಿ ಬಡಿಯುತ್ತಿದ್ದೆ. ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದೆ. ಒಬ್ಬರು ರಾತ್ರಿ ಪಾಳಿಯ ನರ್ಸ್, ಹಗಲು ಮಲಗುತ್ತಾರೆ. ಒಬ್ಬರು ಕಚೇರಿಯ ಅಡುಗೆಮನೆಗೆ ಕಾಫಿ ತರಿಸುವವರು, ನಾನು ಹೇಳಿದ ದರವನ್ನು ಇನ್ನಿಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ ದರವನ್ನು ಅವರು ಯಾರಿಗೆ ತೋರಿಸಲಿ? ಬೇಡವಾದವರು ವಿಳಾಸ ಕೊಡದೆ ನಕ್ಕು ಮುಂದಿನ ಮಳಿಗೆಗೆ ಹೋಗುತ್ತಾರೆ. ಕೊಟ್ಟವರು ತಮ್ಮ ಪುರುಸೊತ್ತಿನಲ್ಲಿ ಓದಿ ತೀರ್ಮಾನಿಸುವವರು.

ನಮ್ಮ ಕಡೆಯ ಕಾರಣವೂ ಒಂದಿದೆ. ಆಷಾಢದ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ, ಟವರೂ ಮಲಗುತ್ತದೆ. ತೋಟದ ಮೇಲಿನ ಬೋರೆ ಹತ್ತಿ ನಿಂತು ಮಾಡಿದ ಫೋನು ‘ಹಲೋ ಹಲೋ’ದಲ್ಲೇ ಮುಗಿಯುತ್ತದೆ. ಬರೆದು ‘ಕಳಿಸು’ ಒತ್ತಿಟ್ಟ ಮೇಲ್ ಸಿಗ್ನಲ್ ಬಂದ ಕೂಡಲೇ ತಾನಾಗಿ ಹೋಗುತ್ತದೆ.

ಈಗ ಏನು ಬರೆಯುವುದು? ಮೇಳ ಮುಗಿದ ಮರುದಿನವೇ ಮೊದಲ ಮೇಲ್ ಹೋಗಬೇಕು, ನಾಲಗೆಯ ಮೇಲಿನ ರುಚಿ ಆರುವ ಮೊದಲು. ಅದಕ್ಕಾಗಿ ಪುಸ್ತಕದಲ್ಲಿ ಹೆಸರಿನ ಪಕ್ಕ ಅವರು ಆಡಿದ ಒಂದು ಮಾತನ್ನು ನಾನು ಗುರುತು ಹಾಕಿಕೊಳ್ಳುತ್ತೇನೆ. ‘ಚಿಕೋರಿ ಬೇಡ’, ‘ಅತ್ತೆಗೆ ಡಿಕಾಕ್ಷನ್ ಗಟ್ಟಿ ಬೇಕು’, ‘ಪೀಬರಿ ಕೇಳಿದರು’ (ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ದುಂಡು ಬೀಜವೇ ಪೀಬರಿ). ಮೇಲ್ ಶುರುವಾಗುವುದು ಆ ಮಾತಿನಿಂದ. ವಿಷಯದ ಸಾಲಿನಲ್ಲಿ ‘ವಿಶೇಷ ಕೊಡುಗೆ’ ಅಂತ ಬರೆದರೆ ಜಿಮೇಲ್ ಅದನ್ನು ಜಾಹೀರಾತುಗಳ ರಾಶಿಗೆ ತಳ್ಳಬಹುದು, ಅಲ್ಲಿ ಸೇರದಿದ್ದರೂ ಓದುವವರು ಜಾಹೀರಾತೆಂದೇ ಬಿಡುತ್ತಾರೆ. ನಾನು ಬರೆಯುವುದು ಹೀಗೆ:

‘ನೀವು ಕೇಳಿದ್ದ ಪೀಬರಿ ಶುಕ್ರವಾರ ಹುರಿಯುತ್ತೇವೆ.

ನಮಸ್ಕಾರ. ಭಾನುವಾರ ಮಳಿಗೆಯಲ್ಲಿ ನೀವು ಕುಡಿದದ್ದು ಚಿಕೋರಿ ಇಲ್ಲದ ಅರೇಬಿಕಾ ಪೀಬರಿ. ಅದೇ ಬೇಕಿದ್ದರೆ ಗುರುವಾರ ಸಂಜೆಯೊಳಗೆ ತಿಳಿಸಿ, ಶನಿವಾರ ಕೊರಿಯರ್‌ಗೆ ಹಾಕುತ್ತೇನೆ. ಕಾಲು ಕೆಜಿ, ಅರ್ಧ ಕೆಜಿ ದರ ಕೆಳಗಿದೆ. ನಿಮ್ಮ ಮನೆಯಲ್ಲಿರುವುದು ಹಿತ್ತಾಳೆ ಫಿಲ್ಟರೋ, ಕಾಫಿ ಮೇಕರೋ? ಪುಡಿಯ ತರಿ ಅದಕ್ಕೆ ತಕ್ಕಂತೆ ಮಾಡುತ್ತೇನೆ.’

ಇಷ್ಟೇ. ಒಂದೇ ಪ್ರಶ್ನೆ, ಒಂದೇ ಪದದಲ್ಲಿ ಉತ್ತರಿಸುವಂಥದ್ದು. ದರವನ್ನು ಪಿಡಿಎಫ್ ಮಾಡಿ ಅಂಟಿಸಬೇಡಿ, ಬಸ್ಸಿನಲ್ಲಿ ನಿಂತು ಓದುವವರು ಅದನ್ನು ತೆರೆಯುವುದಿಲ್ಲ. ಮುಂದಿನ ಮೇಲ್‌ಗಳನ್ನೂ ಈ ಮೊದಲ ಮೇಲ್‌ನ ಕೆಳಗೇ ಬರೆಯುತ್ತ ಹೋಗಿ. ಹಿಂದೆ ಏನು ಒಪ್ಪಿದ್ದೆವು ಎಂಬುದು ಇಬ್ಬರ ಕಣ್ಣೆದುರಿಗೂ ಇರುತ್ತದೆ.

ಎರಡನೆಯ ಮೇಲ್ ಯಾವಾಗ ಎಂದು ಎಲ್ಲರೂ ಕೇಳುತ್ತಾರೆ. ಮೂರು ದಿನಕ್ಕೊಂದು, ವಾರಕ್ಕೊಂದು ಅಂತ ಮಾರಾಟದ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಲೆಕ್ಕ ಹಾಕುವುದು ಅವರ ಮನೆಯ ಡಬ್ಬಿಯದ್ದು. ಗಂಡ ಹೆಂಡತಿ ಇಬ್ಬರೇ, ದಿನಕ್ಕೆ ಎರಡು ಹೊತ್ತು ಕಾಫಿ, ಲೋಟಕ್ಕೆ ಸುಮಾರು 10 ಗ್ರಾಂ ಪುಡಿ ಅಂದರೆ ದಿನಕ್ಕೆ 40 ಗ್ರಾಂ. ಅರ್ಧ ಕೆಜಿ 12 ದಿನಕ್ಕೆ ಮುಗಿಯುತ್ತದೆ. ಕೊರಿಯರ್‌ಗೆ ಎರಡು ದಿನ ಬೇಕು. ಹಾಗಾದರೆ ಅವರಿಗೆ ನನ್ನ ಮೇಲ್ ಬೇಕಾಗಿರುವುದು ಒಂಬತ್ತನೇ ದಿನ. ನಾಲ್ಕನೇ ದಿನ ಬರೆದರೆ ಕಾಟ, ಹದಿನೈದನೇ ದಿನ ಬರೆದರೆ ಅವರು ಅಂಗಡಿಯ ಪುಡಿ ತಂದಾಗಿರುತ್ತದೆ. ಒಟ್ಟಿಗೆ ಎರಡು ಕೆಜಿ ತಗೊಳ್ಳಿ ಅಂತ ನಾನಂತೂ ಯಾರಿಗೂ ಬರೆಯುವುದಿಲ್ಲ. ಪುಡಿ ಮಾಡಿದ ಕಾಫಿಯ ಘಮ ಬೇಗ ಹಾರಿಹೋಗುತ್ತದೆ, ಕೊನೆಯ ಅರ್ಧ ಕೆಜಿ ಕುಡಿಯುವಾಗ ಅವರು ಬೈಯುವುದು ನಮ್ಮ ತೋಟವನ್ನೇ.

ಬೆಲೆ ಏರಿಸುವಾಗ ಮೇಲ್‌ನ ಬೆಲೆ ಗೊತ್ತಾಗುತ್ತದೆ. 2024-25ರಲ್ಲಿ ಕಾಫಿ ದರ ಹಿಂದೆಂದೂ ಕಾಣದಷ್ಟು ಏರಿದಾಗ ನಾವೂ ಏರಿಸಬೇಕಾಯಿತು. ಹತ್ತು ದಿನ ಮೊದಲೇ ಬರೆದೆ: ಹಳೆಯ ದರ ತಿಂಗಳ ಕೊನೆಯವರೆಗೆ, ಹೊಸ ದರ ಇಷ್ಟು, ಕಾರಣ ಇದು. ಬ್ರೆಜಿಲ್‌ನಲ್ಲಿ ಬರ ಬಂದು ಫಸಲು ಕುಗ್ಗಿದ್ದನ್ನು ನಾಲ್ಕು ಸಾಲಿನಲ್ಲಿ ಹೇಳಿದೆ. ಇದನ್ನೇ ಫೋನಿನಲ್ಲಿ ಹೇಳಿದ್ದರೆ ನಾನು ತಡವರಿಸುತ್ತಿದ್ದೆ, ಅವರು ಮುಜುಗರಕ್ಕೆ ‘ಆಯ್ತು’ ಅಂದು ಆಮೇಲೆ ಸುಮ್ಮನಾಗುತ್ತಿದ್ದರು. ಬರೆದದ್ದಕ್ಕೆ ಅವರೂ ಬಿಡಿಸಿ ಬರೆದರು. ಒಬ್ಬರು ‘ಇನ್ನು ಕಾಲು ಕೆಜಿ ಸಾಕು’ ಅಂದರು. ಆ ಕಾಲು ಕೆಜಿ ಈಗಲೂ ಹೋಗುತ್ತಿದೆ.

ಉತ್ತರವೇ ಬರದಿದ್ದರೆ? ಮೂರು ಮೇಲ್, ಅಷ್ಟಕ್ಕೆ ನಿಲ್ಲಿಸುತ್ತೇನೆ. ಮೂರನೆಯದರಲ್ಲಿ ‘ಇನ್ನು ಬರೆಯುವುದಿಲ್ಲ, ಕುಯ್ಲು ಮುಗಿದ ಮೇಲೆ ಹೊಸ ಫಸಲಿನ ಸುದ್ದಿ ಕಳಿಸಲೇ?’ ಎಂದು ಕೇಳುತ್ತೇನೆ. ಹ್ಞೂಂ ಅಂದವರಿಗೆ ಮಾತ್ರ ಆ ಸುದ್ದಿ. ಮೇಲ್‌ನೊಳಗೆ ಕಣ್ಣಿಗೆ ಕಾಣದ ಚಿತ್ರವೊಂದನ್ನು ಇಟ್ಟು, ಅದು ತೆರೆದುಕೊಂಡದ್ದರಿಂದ ಮೇಲ್ ತೆರೆದರೋ ಇಲ್ಲವೋ ಎಂದು ಪತ್ತೆ ಮಾಡುವ ಸೌಲಭ್ಯಗಳನ್ನು ನಾನು ಬಳಸುವುದಿಲ್ಲ. 2021ರಿಂದ ಆಪಲ್ ಮೇಲ್ ಚಿತ್ರಗಳನ್ನು ತಾನೇ ಮುಂಚಿತವಾಗಿ ತೆರೆಯುವುದರಿಂದ ಆ ಲೆಕ್ಕ ನಂಬುವಂತೆಯೂ ಇಲ್ಲ. ‘ನೀವು ಓದಿದ್ದು ಗೊತ್ತಾಯ್ತು, ಉತ್ತರ ಕೊಡಲಿಲ್ಲ’ ಎಂದು ಬರೆಯುವುದು ಬೇರೆಯವರ ಮನೆಯೊಳಗೆ ಇಣುಕಿದಂತೆ. ಹಾಗೆಯೇ ಎಲ್ಲರಿಗೂ ಒಟ್ಟಿಗೆ ಕಳಿಸುವಾಗ ವಿಳಾಸಗಳು ಒಬ್ಬರದು ಇನ್ನೊಬ್ಬರಿಗೆ ಕಾಣದ ‘ಬಿಸಿಸಿ’ ಸಾಲಿನಲ್ಲೇ ಇರಲಿ. ಒಮ್ಮೆ ಅವಸರದಲ್ಲಿ ನಾನು ಹಾಗೆ ಮಾಡದೆ ಅರವತ್ತು ಜನರ ವಿಳಾಸ ಅರವತ್ತು ಜನರಿಗೂ ಕಂಡಿತು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ, ಇಬ್ಬರು ಶಾಶ್ವತವಾಗಿ ಹೋದರು.

ಇಷ್ಟೊಂದು ಹಚ್ಚಿಕೊಳ್ಳಬೇಕಾ ಎಂದು ಕೇಳಿದವರೂ ಇದ್ದಾರೆ. ನಮ್ಮಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಮೂಟೆ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. 1996ರ ಹೊತ್ತಿಗೆ ಪೂರ್ತಿ ಬೆಳೆಯನ್ನು ನಾವೇ ಮಾರಬಹುದು ಎಂದಾಯಿತು. ಅಪ್ಪ ಅಷ್ಟು ವರ್ಷ ಬೆಳೆದ ಕಾಫಿಯನ್ನು ಕುಡಿದ ಒಬ್ಬರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದೆ. ಯಾರ ಮನೆಯಲ್ಲಿ ಹಿತ್ತಾಳೆ ಫಿಲ್ಟರ್ ಇದೆ ಎಂಬುದೂ ಗೊತ್ತಿದೆ.

ಫೋನನ್ನು ಪೂರ್ತಿ ಬಿಟ್ಟಿಲ್ಲ. ಪಾರ್ಸೆಲ್ ತಂದ ಹುಡುಗ ವಿಳಾಸ ಸಿಗದೆ ಬೀದಿಯಲ್ಲಿ ನಿಂತಿದ್ದರೆ, ಕಟ್ಟಿದ ಹಣ ಎಲ್ಲೋ ಸಿಕ್ಕಿಕೊಂಡಿದ್ದರೆ ಕಾಯಲಾಗದು. ಆಗಲೂ ಮೊದಲು ಎಸ್ಸೆಮ್ಮೆಸ್: ‘ಪಾರ್ಸೆಲ್ ವಿಷಯಕ್ಕೆ ಎರಡು ನಿಮಿಷದಲ್ಲಿ ಫೋನ್ ಮಾಡುತ್ತೇನೆ.’ ಆ ಮೇಡಂಗೆ ಮಾತ್ರ ಅದನ್ನೂ ಮಾಡುವುದಿಲ್ಲ. ಅವರ ಪಕ್ಕದ ಮನೆಯವರ ನಂಬರನ್ನು ಅವರೇ ಬರೆದು ಕಳಿಸಿದ್ದಾರೆ. ಈಗ ಒಂಬತ್ತನೇ ದಿನದವರೆಗೂ ನಾನು ಕಾಯಬೇಕಾಗಿಲ್ಲ, ಎಂಟನೇ ದಿನವೇ ಅವರ ಒಂದು ಸಾಲು ಬಂದಿರುತ್ತದೆ: ‘ಡಬ್ಬಿಯ ತಳ ಕಾಣುತ್ತಿದೆ.’