ಪ್ರಪಂಚ ಸುತ್ತುವ ಟಿಕೆಟ್: ಮೊದಲು ಎರಡು ಸಾಗರ, ಆಮೇಲೆ ಉಳಿದದ್ದು

2027ರ ಫೆಬ್ರವರಿ ಮಧ್ಯದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಹೊರಡಬೇಕು, ಮೇ ಮೊದಲ ವಾರ ಪಶ್ಚಿಮದ ಕಡೆಯಿಂದ ವಾಪಸ್ ಬರಬೇಕು. ನಾನು, ನಮ್ಮ ಯಜಮಾನರು, ಇಬ್ಬರೇ. ನ್ಯೂಜೆರ್ಸಿಯಲ್ಲಿ ಅಕ್ಕನ ಮನೆ ಇದೆ, ಅಲ್ಲಿಗೆ ಹೇಗೂ ಹೋಗಬೇಕು. ಹೋಗುವುದು ಒಂದು ಕಡೆಯಿಂದ, ಬರುವುದು ಇನ್ನೊಂದು ಕಡೆಯಿಂದ ಯಾಕಾಗಬಾರದು ಅಂತ ಶುರುವಾದ ಯೋಚನೆ ಇದು. ಟಿಕೆಟ್ ಕೆಲಸ ಎಲ್ಲಿಗೆ ಬಂತು ಅನ್ನುವುದನ್ನು ತಿಂಗಳ ಲೆಕ್ಕದಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದ್ದೇ ಆಸೆ ಇರುವವರಿಗೆ ಉಪಯೋಗವಾಗಲಿ.

ಮೇ

ಮೊದಲು ದಾರಿ. ಬೆಂಗಳೂರು, ಬ್ಯಾಂಕಾಕ್, ಟೋಕಿಯೊ, ಲಾಸ್ ಏಂಜಲಿಸ್, ಮೆಕ್ಸಿಕೊ ಸಿಟಿ, ನ್ಯೂಅರ್ಕ್ (ನ್ಯೂಜೆರ್ಸಿ), ಲಿಸ್ಬನ್, ರೋಮ್, ಮತ್ತೆ ಬೆಂಗಳೂರು. ನೇರ ಗೆರೆ ಎಳೆದು ಕೂಡಿದರೆ ಸುಮಾರು 36,000 ಕಿಲೋಮೀಟರ್ ಆಗುತ್ತದೆ, ಅಂದರೆ 22,000 ಮೈಲಿಗಿಂತ ಸ್ವಲ್ಪ ಜಾಸ್ತಿ. ಭೂಮಿಯ ಸುತ್ತಳತೆ ಸಮಭಾಜಕದ ಮೇಲೆ 40,075 ಕಿಲೋಮೀಟರ್. ನಮ್ಮದು ಅದಕ್ಕಿಂತ ಕಡಿಮೆ ಬಂದದ್ದು ಯಾಕೆಂದರೆ ದಾರಿಯೆಲ್ಲ ಉತ್ತರ ಭಾಗದಲ್ಲೇ ಇದೆ, ಉತ್ತರಕ್ಕೆ ಹೋದಷ್ಟೂ ಸುತ್ತು ಚಿಕ್ಕದಾಗುತ್ತದೆ. 22,000 ಮೈಲಿ ಅನ್ನುವ ಈ ಒಂದು ಸಂಖ್ಯೆಯೇ ಮುಂದಿನ ತಿಂಗಳ ನಿರ್ಧಾರಕ್ಕೆ ಆಧಾರವಾಯಿತು.

ಪೂರ್ವಕ್ಕೇ ಯಾಕೆ ಅಂತ ಯಜಮಾನರು ಕೇಳಿದರು. ಪೆಸಿಫಿಕ್ ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ, ಅದರಿಂದ ಟೋಕಿಯೊದಿಂದ ಲಾಸ್ ಏಂಜಲಿಸ್‌ಗೆ ಹತ್ತು ಗಂಟೆ ಸಾಕು, ಅದೇ ದಾರಿಯಲ್ಲಿ ಹಿಂದಕ್ಕೆ ಬರಲು ಒಂದೂವರೆ ಎರಡು ಗಂಟೆ ಜಾಸ್ತಿ ಬೇಕು. ನಡುವೆ ದಿನಾಂಕ ರೇಖೆ ದಾಟುವುದರಿಂದ, ಮಧ್ಯಾಹ್ನ ಟೋಕಿಯೊ ಬಿಟ್ಟರೆ ಅದೇ ತಾರೀಖಿನ ಬೆಳಗ್ಗೆ ಅಮೆರಿಕದಲ್ಲಿ ಇಳಿಯುತ್ತೇವೆ. ಹೋಟೆಲ್ ಬುಕ್ ಮಾಡುವಾಗ ಈ ತಾರೀಖಿನ ಲೆಕ್ಕ ನೆನಪಿರಬೇಕು, ಇಲ್ಲದಿದ್ದರೆ ಒಂದು ರಾತ್ರಿಯ ದುಡ್ಡು ಸುಮ್ನೆ ಹೋಗುತ್ತದೆ.

ಇನ್ನೊಂದು, ಹಬ್ಬಗಳು. 2027ರಲ್ಲಿ ಚೀನೀ ಹೊಸ ವರ್ಷ ಫೆಬ್ರವರಿ 6ಕ್ಕೆ. ಆ ವಾರ ಏಷ್ಯಾದೊಳಗಿನ ವಿಮಾನಗಳೆಲ್ಲ ದುಬಾರಿ, ಅದು ಮುಗಿದ ಮೇಲೆ ಹೊರಡುವುದು. ಟೋಕಿಯೊದಲ್ಲಿ ಚೆರ್ರಿ ಹೂವು ಮಾರ್ಚ್ ಕೊನೆಗೆ, ಅಷ್ಟರೊಳಗೆ ಅಲ್ಲಿಂದ ಹೊರಟಿರಬೇಕು. ಹೂವು ನೋಡುವ ಆಸೆ ನನಗೂ ಇದೆ, ಆದರೆ ಆ ಹೊತ್ತಿಗೆ ಹೋಟೆಲ್ ಬಾಡಿಗೆ ಏರುವುದನ್ನು ನೋಡಿ ಬಿಟ್ಟೆ. ಈಸ್ಟರ್ ಮಾರ್ಚ್ 28ಕ್ಕೆ. ಅಟ್ಲಾಂಟಿಕ್ ದಾಟುವುದು ಅದಾದ ಮೇಲೆ, ಏಪ್ರಿಲ್ ಮಧ್ಯದಲ್ಲಿ.

ಜೂನ್

"ರೌಂಡ್ ದ ವರ್ಲ್ಡ್" ಟಿಕೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದೇ ಟಿಕೆಟ್, ಪ್ರಪಂಚವೆಲ್ಲ ಸುತ್ತಬಹುದು. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಅಂತ ವಿಮಾನ ಕಂಪನಿಗಳ ಒಕ್ಕೂಟಗಳು ಇದನ್ನು ಮಾರುತ್ತವೆ. ಸ್ಟಾರ್ ಅಲಯನ್ಸ್‌ನದು ಮೈಲಿ ಲೆಕ್ಕ, ಹೆಚ್ಚೆಂದರೆ 39,000 ಮೈಲಿ. ಒನ್‌ವರ್ಲ್ಡ್‌ನಲ್ಲಿ ಖಂಡಗಳ ಲೆಕ್ಕದ ಒಂದು ಬಗೆ ಇದೆ, ಅದರಲ್ಲಿ ಹೆಚ್ಚೆಂದರೆ 16 ಹಾರಾಟ. ಅದರಲ್ಲಿ ಮಧ್ಯೆ ಎಲ್ಲಾದರೂ ರೈಲು ಬಸ್ಸಲ್ಲಿ ಹೋದರೂ ಆ ಭಾಗವನ್ನು ಒಂದು ಹಾರಾಟ ಅಂತಲೇ ಎಣಿಸುತ್ತಾರೆ. ಒಂದೇ ದಿಕ್ಕಿನಲ್ಲಿ ಸಾಗಬೇಕು, ಪೆಸಿಫಿಕ್, ಅಟ್ಲಾಂಟಿಕ್ ಎರಡೂ ಮಹಾಸಾಗರಗಳನ್ನು ಒಂದೊಂದು ಸಲ ದಾಟಬೇಕು, ಒಂದು ವರ್ಷದೊಳಗೆ ಮುಗಿಸಬೇಕು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ, ಹಾಗಾಗಿ ಬೆಂಗಳೂರಿನಿಂದ ಶುರು ಮಾಡಲು ತೊಂದರೆ ಇಲ್ಲ.

ನಮ್ಮ ದಾರಿ ಹಾಕಿ ನೋಡಿದೆ. ತೆರಿಗೆ ಸೇರಿ ಬಂದ ಮೊತ್ತ, ಬಿಡಿಬಿಡಿಯಾಗಿ ಟಿಕೆಟ್ ತೆಗೆದುಕೊಂಡರೆ ಆಗುವುದರ ಹೆಚ್ಚುಕಡಿಮೆ ಎರಡರಷ್ಟು. ಕಾರಣ ಸರಳ. ನಮ್ಮದು 22,000 ಚಿಲ್ಲರೆ ಮೈಲಿ, ಅವರ ದರ ಅದಕ್ಕಿಂತ ಬಹಳ ದೂರ ಸುತ್ತುವವರಿಗೆ ಮಾಡಿದ್ದು. ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ಆಫ್ರಿಕಾ ಎಲ್ಲ ಸೇರಿಸಿ ಹೋಗುವವರಿಗೆ ಈ ಟಿಕೆಟ್ ನಿಜಕ್ಕೂ ಒಳ್ಳೆಯದು. ಅಲ್ಲಿ ಬಿಡಿ ಟಿಕೆಟ್ ತುಂಬ ದುಬಾರಿ, ಜೊತೆಗೆ ಒಂದು ವಿಮಾನ ತಡವಾಗಿ ಮುಂದಿನದ್ದು ತಪ್ಪಿದರೆ ಅವರೇ ಜವಾಬ್ದಾರಿ ತೆಗೆದುಕೊಳ್ಳುತ್ತಾರೆ. ಶುರು ಮಾಡುವ ದೇಶ ಬದಲಾದರೆ ದರವೂ ಬದಲಾಗುತ್ತದೆ, ಅದಕ್ಕೆ ಹತ್ತಿರದ ಕೊಲಂಬೊದಿಂದ ಶುರು ಮಾಡಿದರೆ ಎಷ್ಟು ಅಂತಲೂ ನೋಡುವುದು ಒಳ್ಳೆಯದು. ನಮಗೆ ಅದೂ ಬೇಕಾಗಲಿಲ್ಲ.

ಹೀಗೆ ಬಿಡಿ ಟಿಕೆಟ್ ಅಂತ ನಿರ್ಧಾರವಾಯಿತು. ಆಗ ಒಂದು ವಿಷಯ ಸ್ಪಷ್ಟವಾಯಿತು, ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದೇ: ಎಂಟು ಹಾರಾಟಗಳಲ್ಲಿ ದುಡ್ಡು ನಿರ್ಧಾರವಾಗುವುದು ಎರಡರಲ್ಲಿ, ಪೆಸಿಫಿಕ್ ದಾಟುವುದು ಮತ್ತು ಅಟ್ಲಾಂಟಿಕ್ ದಾಟುವುದು. ಆ ಎರಡರ ತಾರೀಖನ್ನು ಅಗ್ಗ ಎಲ್ಲಿದೆಯೋ ಅಲ್ಲಿಗೆ ಕಟ್ಟಿಹಾಕಿ, ಉಳಿದ ಊರುಗಳ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಹೆಚ್ಚಿನವರು ಬೆಂಗಳೂರಿನಿಂದ ಹೊರಡುವ ದಿನ ಮೊದಲು ಗೊತ್ತು ಮಾಡುತ್ತಾರೆ, ರಜೆ ಅದರ ಮೇಲೆ ನಿಂತಿರುತ್ತದಲ್ಲ. ಆದರೆ ಬೆಂಗಳೂರು–ಬ್ಯಾಂಕಾಕ್ ಯಾವ ದಿನ ನೋಡಿದರೂ ಹತ್ತು ಹನ್ನೊಂದು ಸಾವಿರದ ಆಸುಪಾಸು. ಟೋಕಿಯೊ–ಲಾಸ್ ಏಂಜಲಿಸ್ ಹಾಗಲ್ಲ, ಎರಡು ದಿನ ಆಚೀಚೆ ಆದರೆ ದರ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಜುಲೈ, ಆಗಸ್ಟ್

ಟಿಕೆಟ್ ಒಂದೂ ಇಲ್ಲ, ಬರೀ ವೀಸಾ ಯೋಚನೆ. ನಮ್ಮ ಪಾಸ್‌ಪೋರ್ಟ್ ಹಿಡಿದವರಿಗೆ ಅಗ್ಗದ ದಾರಿ ಯಾವುದು ಅನ್ನುವುದನ್ನು ಅರ್ಧಕ್ಕರ್ಧ ವೀಸಾವೇ ತೀರ್ಮಾನಿಸುತ್ತದೆ. ವಿದೇಶಿಯರು ಬರೆದ ಸಲಹೆಗಳಲ್ಲಿ ಇದರ ಸುಳಿವೇ ಇರುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದ ವೀಸಾ ನಮ್ಮಲ್ಲಿದೆ, ಹಿಂದೆ ಅಕ್ಕನ ಮನೆಗೆ ಹೋದಾಗ ಸಿಕ್ಕಿದ ಹತ್ತು ವರ್ಷದ್ದು. ಇದು ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಮೆಕ್ಸಿಕೊ ನಮ್ಮ ದಾರಿಗೆ ಸೇರಿದ್ದೇ ಹೀಗೆ. ಇನ್ನೊಂದು ತಿಳಿದಿರಲಿ, ಅಮೆರಿಕದಲ್ಲಿ ಬರೀ ವಿಮಾನ ಬದಲಾಯಿಸುವುದಕ್ಕೂ ನಮಗೆ ವೀಸಾ ಬೇಕು. "ಒಂದೇ ಸ್ಟಾಪ್, ಅಗ್ಗ" ಅಂತ ಕಾಣುವ ದಕ್ಷಿಣ ಅಮೆರಿಕದ ಟಿಕೆಟ್ ಅಮೆರಿಕದ ಮಿಯಾಮಿ ಮೂಲಕ ಹೋಗುತ್ತದೆಯೇ ಅಂತ ನೋಡಿಕೊಳ್ಳಿ.

ಜಪಾನ್ ವೀಸಾ ಸಿಕ್ಕಿದ ದಿನದಿಂದ ಮೂರು ತಿಂಗಳೊಳಗೆ ಆ ದೇಶದಲ್ಲಿ ಇಳಿಯಬೇಕು, ಹಾಗಾಗಿ ತುಂಬ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಪೋರ್ಚುಗಲ್, ಇಟಲಿ ಸೇರಿ ಯೂರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹೆಚ್ಚು ದಿನ ಇರುವ ದೇಶಕ್ಕೇ ಹಾಕಬೇಕು. ನಮಗೆ ಇಟಲಿ. ಇದನ್ನು ನಾವು ವಾಸ ಇರುವ ದೇಶದಲ್ಲೇ ಮಾಡಿಸಬೇಕು, ದಾರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿಸೋಣ ಅಂದರೆ ಆಗುವುದಿಲ್ಲ. ಅಂದರೆ ಎಲ್ಲ ವೀಸಾ ಮನೆಯಿಂದ ಹೊರಡುವ ಮೊದಲೇ ಕೈಯಲ್ಲಿರಬೇಕು.

ಲಂಡನ್ ಕೈಬಿಟ್ಟೆವು. ಯಜಮಾನರಿಗೆ ಲಾರ್ಡ್ಸ್ ಮೈದಾನ ನೋಡಬೇಕು ಅಂತ ಬಹಳ ವರ್ಷದ ಆಸೆ, ಹಾಗಾಗಿ ಈ ತೀರ್ಮಾನಕ್ಕೆ ಸಮಯ ಹಿಡಿಯಿತು. ಬ್ರಿಟನ್ನಿಗೆ ಪ್ರತ್ಯೇಕ ವೀಸಾ. ಅದರ ಮೇಲೆ, ಅಲ್ಲಿಂದ ದೂರದ ದೇಶಕ್ಕೆ ಹೊರಡುವ ಪ್ರಯಾಣಿಕರಿಗೆ ವಿಮಾನ ತೆರಿಗೆ ಇದೆ. ಭಾರತದಷ್ಟು ದೂರಕ್ಕೆ ಎಕಾನಮಿಯಲ್ಲಿ 2026ರ ಏಪ್ರಿಲ್‌ನಿಂದ 102 ಪೌಂಡ್. ಬರುವಾಗ ಇಲ್ಲ, ಹೊರಡುವಾಗ ಮಾತ್ರ. ಯೂರೋಪಿನ ಹತ್ತಿರದ ಊರಿಗಾದರೆ 15 ಪೌಂಡ್. ಹಾಗಾಗಿ ಲಂಡನ್ ಸೇರಿಸಲೇಬೇಕು ಅನ್ನುವವರು ಅಲ್ಲಿಂದ ನೇರ ಭಾರತಕ್ಕೆ ಬರುವ ಬದಲು ರೋಮಿಗೋ ಮಿಲಾನಿಗೋ ಬೇರೆ ಟಿಕೆಟ್‌ನಲ್ಲಿ ಹೋಗಿ, ಅಲ್ಲಿ ನಾಲ್ಕು ದಿನ ಇದ್ದು ಹೊರಡುವುದು ಲಾಭ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಯಜಮಾನರದ್ದೂ ಹಾಗೇ. ಅವರ ಅಮೆರಿಕ ವೀಸಾದಲ್ಲಿ ಹೆಸರು ಸರ್‌ನೇಮ್ ಜಾಗದಲ್ಲಿ ಬಂದು, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಇದೆ. ವಿಮಾನ ಕಂಪನಿಗಳ ಫಾರಂ ಎರಡೂ ಜಾಗ ತುಂಬದೆ ಮುಂದೆ ಬಿಡುವುದಿಲ್ಲ. ಕೆಲವರು ಅದೇ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತಾರೆ, ಕೆಲವರು ಎಫ್‌ಎನ್‌ಯು ಹಾಕಿ ಅನ್ನುತ್ತಾರೆ. ನಾನು ಬುಕ್ ಮಾಡುವ ಮೊದಲೇ ಪ್ರತಿ ಕಂಪನಿಗೂ ಈಮೇಲ್ ಮಾಡಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಿದ್ದೇನೆ. ಬಿಡಿ ಟಿಕೆಟ್‌ನಲ್ಲಿ ಇದು ಬಹಳ ಮುಖ್ಯ, ಒಂದೊಂದು ಚೆಕ್-ಇನ್ ಕೌಂಟರಿನಲ್ಲೂ ಹೊಸದಾಗಿ ಉತ್ತರ ಕೊಡಬೇಕಾಗುತ್ತದೆ. ಯುಎಇಯಂತೂ ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ವಿಷಯದಲ್ಲಿ 2022ರಿಂದ ಬಿಗಿಯಾಗಿದೆ. ಅದಕ್ಕೇ ದುಬೈನಲ್ಲಿ ಎರಡು ದಿನ ಇಳಿಯುವ ಯೋಚನೆಯನ್ನು ಮೊದಲೇ ಬಿಟ್ಟೆವು.

ಸೆಪ್ಟೆಂಬರ್

ಪೆಸಿಫಿಕ್ ಟಿಕೆಟ್ ಆಯಿತು!

ಟೋಕಿಯೊದ ನರಿಟಾದಿಂದ ಲಾಸ್ ಏಂಜಲಿಸ್‌ಗೆ ಜಿಪ್‌ಏರ್. ಇದು ಜಪಾನ್ ಏರ್‌ಲೈನ್ಸ್‌ನ ಕಡಿಮೆ ದರದ ಕಂಪನಿ. ಇಂಥ ಕಂಪನಿಗಳ ದೊಡ್ಡ ಉಪಕಾರ ಏನೆಂದರೆ ಒಂದು ಕಡೆಯ ಟಿಕೆಟ್‌ಗೆ ಒಂದು ಕಡೆಯದ್ದೇ ದುಡ್ಡು. ದೊಡ್ಡ ಕಂಪನಿಗಳಲ್ಲಿ ಸಾಗರ ದಾಟುವ ಒನ್-ವೇ ಎಷ್ಟೋ ಸಲ ಹೋಗಿ ಬರುವ ಟಿಕೆಟ್‌ಗಿಂತ ಜಾಸ್ತಿ ಇರುತ್ತದೆ. ಊಟ, ಚೆಕ್-ಇನ್ ಬ್ಯಾಗ್ ಎಲ್ಲ ಬೇರೆ, ಕೈಚೀಲ 7 ಕಿಲೋ ಮಾತ್ರ. ಒಂದೊಂದು ಬ್ಯಾಗ್ ಸೇರಿಸಿದ ಮೇಲೂ ತಲಾ 32 ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಜಪಾನ್ ವೀಸಾ ಇನ್ನೂ ಇಲ್ಲ, ಆದರೂ ತೆಗೆದುಕೊಂಡೆವು. ಹೋದರೂ ತಡೆದುಕೊಳ್ಳಬಹುದಾದ ಮೊತ್ತ, ದರ ಏರಿದರೆ ಇಡೀ ಲೆಕ್ಕವೇ ಬದಲಾಗುತ್ತಿತ್ತು.

ಬ್ಯಾಂಕಾಕ್–ಟೋಕಿಯೊ ಅದೇ ವಾರ ಆಯಿತು. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುವಾಂಗ್ ಅಂತ ಎರಡು ವಿಮಾನ ನಿಲ್ದಾಣ. ಒಂದಕ್ಕೆ ಬಂದು ಇನ್ನೊಂದರಿಂದ ಹೊರಡುವುದಾದರೆ ನಡುವೆ ಊರಿನ ಟ್ರಾಫಿಕ್ ಇದೆ. ನಾವು ಕೆಲವು ದಿನ ಅಲ್ಲೇ ಇರುವುದರಿಂದ ಯೋಚನೆ ಇಲ್ಲ. ಬಿಡಿ ಟಿಕೆಟ್‌ನವರು ಪ್ರತಿ ಊರಲ್ಲೂ ಕನಿಷ್ಠ ಒಂದು ರಾತ್ರಿ ಉಳಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ, ಸಾಮಾನು ತೆಗೆದುಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು, ಹೊರಗೆ ಬರಲು ವೀಸಾ ಬೇಕು.

ದುಡ್ಡು ಕಟ್ಟುವಾಗ ಗಮನಿಸಬೇಕಾದದ್ದು ಕಾರ್ಡ್. ಬೇರೆ ದೇಶದ ಕರೆನ್ಸಿಯಲ್ಲಿ ಕಟ್ಟಿದರೆ ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು 3.5 ಶೇಕಡಾವರೆಗೆ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ ಬೇರೆ. ಎಂಟು ಟಿಕೆಟ್‌ಗೆ ಕೂಡಿದರೆ ಚಿಕ್ಕ ಮೊತ್ತವಲ್ಲ. ಈ ಶುಲ್ಕ ಇಲ್ಲದ ಕಾರ್ಡ್ ಒಂದನ್ನು ಇದಕ್ಕಾಗಿಯೇ ಮಾಡಿಸಿಕೊಂಡೆವು. ಮತ್ತೆ ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ (ಟಿಸಿಎಸ್) ಇದೆಯಲ್ಲ, ಬರೀ ವಿಮಾನ ಟಿಕೆಟ್ ಮಾತ್ರ ತೆಗೆದುಕೊಂಡರೆ ಅದು ಪ್ಯಾಕೇಜ್ ಅಂತ ಆಗುವುದಿಲ್ಲ. ಏಜೆಂಟ್ ಟಿಕೆಟ್, ಹೋಟೆಲ್ ಎರಡನ್ನೂ ಸೇರಿಸಿ ಒಂದೇ ಬಿಲ್ ಮಾಡಿದಾಗ ಅದು ಬರುತ್ತದೆ.

ಅಕ್ಟೋಬರ್

ಮೆಕ್ಸಿಕೊ ದಾರಿಯಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಂಗತಿ ಸಿಕ್ಕಿತು. ಲಾಸ್ ಏಂಜಲಿಸ್‌ನಿಂದ ಮೆಕ್ಸಿಕೊ ಸಿಟಿಗೆ ನೇರ ಹೋದರೆ ಅದು ಅಂತರರಾಷ್ಟ್ರೀಯ ಟಿಕೆಟ್, ತೆರಿಗೆ ಜಾಸ್ತಿ. ಅದರ ಬದಲು ಸಾನ್ ಡಿಯಾಗೊಗೆ ಹೋಗಬಹುದು. ಅಲ್ಲಿ ಗಡಿಗೆ ಅಂಟಿಕೊಂಡು ಒಂದು ಕಟ್ಟಡ ಇದೆ, ಅದರಿಂದ ಕಾಲುಸೇತುವೆ ನೇರವಾಗಿ ಮೆಕ್ಸಿಕೊದ ಟಿಹುವಾನಾ ವಿಮಾನ ನಿಲ್ದಾಣದ ಒಳಗೇ ಹೋಗುತ್ತದೆ. ಸಿಬಿಎಕ್ಸ್ ಅಂತ ಹೆಸರು, 2015ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಸೇತುವೆಗೆ ಶುಲ್ಕ ಇದೆ, ಟಿಹುವಾನಾದಿಂದ ಹೊರಡುವ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ಅಲ್ಲಿಂದ ಮುಂದೆ ಮೆಕ್ಸಿಕೊದೊಳಗಿನ ವಿಮಾನ, ದರ ಬಹಳ ಕಡಿಮೆ. ಲಾಸ್ ಏಂಜಲಿಸ್‌ನಿಂದ ಸಾನ್ ಡಿಯಾಗೊವರೆಗೆ ಆಮ್‌ಟ್ರ್ಯಾಕ್ ರೈಲು ಇದೆ, ಸುಮಾರು ಮೂರು ಗಂಟೆ, ದಾರಿಯ ಒಂದಷ್ಟು ಭಾಗ ಸಮುದ್ರದ ಪಕ್ಕದಲ್ಲೇ. ವಿಮಾನ ಅಗ್ಗ, ರೈಲಿನಲ್ಲಿ ಸಮುದ್ರ, ನಡೆದುಕೊಂಡು ಗಡಿ ದಾಟುವುದು. ಯಜಮಾನರು ಲಂಡನ್ ಬೇಸರ ಮರೆತದ್ದು ಇದನ್ನು ಕೇಳಿದ ಮೇಲೆ. ಒಂದು ಎಚ್ಚರ, ಮೆಕ್ಸಿಕೊ ಸಿಟಿಯಲ್ಲೂ ಎರಡು ವಿಮಾನ ನಿಲ್ದಾಣ. 2022ರಲ್ಲಿ ತೆರೆದ ಫೆಲಿಪೆ ಆಂಹೆಲೆಸ್ ಊರಿನಿಂದ ದೂರ. ಹಳೆಯ ಬೆನಿತೊ ಹುವಾರೆಸ್‌ಗೆ ಹೋಗುವ ಟಿಕೆಟ್ ಆರಿಸಿದೆ.

ಮೆಕ್ಸಿಕೊ–ನ್ಯೂಅರ್ಕ್ ಸಾಮಾನ್ಯ ಟಿಕೆಟ್, ಹೇಳುವಂಥದ್ದೇನಿಲ್ಲ. ಅಕ್ಕ ಫೋನಿನಲ್ಲಿ "ಅಂತೂ ತಾರೀಖು ಹೇಳಿದ್ಯಲ್ಲ, ನಾಳೆನೇ ರಜೆ ಹಾಕ್ತೀನಿ" ಅಂದಳು.

ನವೆಂಬರ್

ಅಕ್ಟೋಬರ್ ಮಧ್ಯದಲ್ಲೇ ಷೆಂಗೆನ್ ಅರ್ಜಿ ಹಾಕಿದೆವು. ಆರು ತಿಂಗಳ ಗಡಿ ತೆರೆದುಕೊಂಡ ವಾರವೇ. ಅರ್ಜಿಗೆ ಟಿಕೆಟ್ ಬದಲು ನಮ್ಮ ಬಡಾವಣೆಯ ಟ್ರಾವೆಲ್ ಏಜೆಂಟ್ ಮಾಡಿಕೊಟ್ಟ ರಿಸರ್ವೇಶನ್ ಇಟ್ಟೆವು. ವೀಸಾ ಬಂದ ದಿನ ಸಂಜೆಯೇ ಅಟ್ಲಾಂಟಿಕ್ ಟಿಕೆಟ್ ತೆಗೆದುಕೊಂಡೆ. ಪೋರ್ಚುಗಲ್‌ನ ಟ್ಯಾಪ್ ಕಂಪನಿ, ನ್ಯೂಅರ್ಕ್‌ನಿಂದ ಲಿಸ್ಬನ್ ಮೂಲಕ ರೋಮ್. ಈ ಕಂಪನಿಯವರು ಮಧ್ಯೆ ಪೋರ್ಚುಗಲ್‌ನಲ್ಲಿ ಹತ್ತು ದಿನದವರೆಗೆ ಇಳಿದುಕೊಳ್ಳಲು ಬಿಡುತ್ತಾರೆ, ವಿಮಾನ ದರದಲ್ಲಿ ಅದಕ್ಕೆ ಬೇರೆ ಹಣ ಇಲ್ಲ. ಎರಡು ಊರು, ಒಂದೇ ಟಿಕೆಟ್, ಒಂದೇ ಬ್ಯಾಗಿನ ಲೆಕ್ಕ. ಐಸ್‌ಲ್ಯಾಂಡ್‌ಏರ್‌ನವರು ಇದನ್ನು ಏಳು ದಿನದವರೆಗೆ ಕೊಡುತ್ತಾರೆ, ಐಸ್‌ಲ್ಯಾಂಡ್ ನೋಡುವ ಆಸೆ ಇರುವವರು ಆ ದಾರಿ ಹಿಡಿಯಬಹುದು. ಅಟ್ಲಾಂಟಿಕ್ ದಾಟುವವರು ಇಂಥ ಸ್ಟಾಪ್‌ಓವರ್ ನೋಡದೆ ಟಿಕೆಟ್ ತೆಗೆದುಕೊಳ್ಳಬೇಡಿ.

ಈಗ ಬಾಕಿ ಇರುವುದು ಎರಡು ಹಾರಾಟ. ಬೆಂಗಳೂರು–ಬ್ಯಾಂಕಾಕ್ ಜನವರಿಯಲ್ಲಿ, ಜಪಾನ್ ವೀಸಾ ಬಂದ ಮೇಲೆ. ರೋಮ್–ಬೆಂಗಳೂರು ಗಲ್ಫ್ ಮೂಲಕ ಹಲವು ಕಂಪನಿಗಳಿವೆ, ಗೂಗಲ್ ಫ್ಲೈಟ್ಸ್‌ನಲ್ಲಿ ದರದ ಅಲರ್ಟ್ ಇಟ್ಟಿದ್ದೇನೆ. 30 ಸಾವಿರಕ್ಕೆ ಬಂದರೆ ತೆಗೆದುಕೊಳ್ಳುವುದು. ಹಾಗಾದರೆ ತಲಾ ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಎಲ್ಲ ಮುಗಿಯುತ್ತದೆ. ಜನವರಿ ಕೊನೆಗೂ ದರ ಇಳಿಯದಿದ್ದರೆ ರೋಮ್ ಬದಲು ಮಿಲಾನ್‌ನಿಂದ ಹೊರಡುವುದನ್ನೂ ನೋಡುತ್ತೇನೆ, ಎರಡರ ನಡುವೆ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ ಅಷ್ಟೇ.