ಮುಯ್ಯಿ ಬುಕ್ಕು

"ಊಟಕ್ಕೆ ಟಿಕೆಟ್ಟಾ? ಯಾವ ಊರಿನ ಪದ್ಧತಿರೀ ಇದು?"

ದಾವಣಗೆರೆಯ ರಾಂ ಅಂಡ್ ಕೋ ಸರ್ಕಲ್ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ಯಜಮಾನರು ಹೀಗೆ ಕೇಳಿದಾಗ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇನ್ನೂ 180 ಟಿಕೆಟ್ ಇದ್ದವು. ಮಾಡಿಸಿದ್ದು 200. ಹದಿನೈದು ದಿನ ಸುತ್ತಿದ ಮೇಲೆ ಖರ್ಚಾಗಿದ್ದು 20. ಅದರಲ್ಲಿ ಎಂಟು ನಮ್ಮ ನೆಂಟರೇ ಮುಖ ನೋಡಿ ತಗೊಂಡಿದ್ದು.

ಯಜಮಾನರು ಜಿಪುಣರಲ್ಲ. ದುಗ್ಗಮ್ಮನ ಜಾತ್ರೆಗೆ, ಗಣೇಶನ ಪೆಂಡಾಲಿಗೆ ಕೇಳಿದಷ್ಟು ಕೊಡುವವರು. ಟಿಕೆಟ್ಟಿನ ಸಾವಿರ ರೂಪಾಯಿ ಅವರಿಗೆ ಲೆಕ್ಕಕ್ಕೇ ಇಲ್ಲ. ಆದರೆ ಊಟಕ್ಕೆ ಕರೆದು ಮೊದಲೇ ದುಡ್ಡು ಇಸ್ಕೊಳ್ಳೋದು ಅವರಿಗೆ ಹಿಡಿಸಲಿಲ್ಲ. "ಏನ್ ಹೋಟ್ಲಾ ಅದು?" ಅಂದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು.

ಐಡಿಯಾ ನನ್ನ ತಮ್ಮನದು. ಮೊಬೈಲಿನಲ್ಲಿ ಎಲ್ಲೋ ಓದಿದ್ದ. 1985ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಾರ್ಕ್ ಬುವೊನಿಕಾಂಟಿ ಎಂಬ 19 ವರ್ಷದ ಹುಡುಗ ಕಾಲೇಜು ಫುಟ್‌ಬಾಲ್ ಆಡುವಾಗ ಕುತ್ತಿಗೆ ಮುರಿದುಕೊಂಡ. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಆ ಆಟ. ಕುತ್ತಿಗೆಯಿಂದ ಕೆಳಗೆ ಕೈ, ಕಾಲು ಯಾವುದೂ ಆಡದಂತಾಯಿತು. ಅವನ ಅಪ್ಪ ನಿಕ್, ಅದೇ ಆಟದಲ್ಲಿ ದೊಡ್ಡ ಹೆಸರು ಮಾಡಿದವರು. ಅವರು ಬಾರ್ತ್ ಗ್ರೀನ್ ಎಂಬ ಸರ್ಜನ್ ಜೊತೆ ಸೇರಿ ಅದೇ ವರ್ಷ ಮಯಾಮಿಯಲ್ಲಿ, ಬೆನ್ನುಹುರಿಯ ಪೆಟ್ಟಿಗೆ ಮದ್ದು ಹುಡುಕುವ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು. ಅದಕ್ಕೆ ದುಡ್ಡು ಕೂಡಿಸಲು ನ್ಯೂಯಾರ್ಕಿನಲ್ಲಿ ದೊಡ್ಡ ದೊಡ್ಡ ಆಟಗಾರರನ್ನು ಕರೆದು ಸನ್ಮಾನ ಮಾಡಿ ಊಟ ಹಾಕುತ್ತಾರೆ. ಊಟಕ್ಕೆ ಬರುವವರು ದುಡ್ಡು ಕೊಟ್ಟೇ ಬರುತ್ತಾರೆ.

"ಅಕ್ಕ, ನಮ್ಮೂರಲ್ಲಿ ಆಟಗಾರರಿಗೇನು ಬರವಾ?" ಅಂತ ಕೇಳಿದ. ಇಲ್ಲ. ಗರಡಿಮನೆಗಳಿರುವ ಊರು. ಕ್ರಿಕೆಟ್ ನೋಡುವವರಿಗೆ ವಿನಯ್ ಕುಮಾರ್ ಅಂದರೆ ದಾವಣಗೆರೆ ಎಕ್ಸ್‌ಪ್ರೆಸ್. ಅಷ್ಟು ದೊಡ್ಡವರನ್ನು ಕರೆಯುವ ತಾಕತ್ತು ನಮಗಿರಲಿಲ್ಲ, ಅದು ಬೇರೆ ಮಾತು.

ತಮ್ಮ ಕೂಡ ಆಟಗಾರನೇ. ಕಬಡ್ಡಿಯಲ್ಲಿ ರೈಡರ್. ಆದರೆ ಅವನು ಬಿದ್ದಿದ್ದು ಅಂಕಣದಲ್ಲಲ್ಲ. ಆರು ವರ್ಷದ ಹಿಂದೆ ಚನ್ನಗಿರಿ ಕಡೆ ಗುರುತಿನವರೊಬ್ಬರು ಅಡಿಕೆ ತೋಟದ ಫಸಲನ್ನು ಖೇಣಿ, ಅಂದರೆ ಗುತ್ತಿಗೆ ಹಿಡಿದಿದ್ದರು. ಕೊಯ್ಲಿನ ಟೈಮಿನಲ್ಲಿ ಒಳ್ಳೆ ಕೂಲಿ ಸಿಗುತ್ತೆ ಅಂತ ಇವನೂ ಹೋದ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮರ ಜಾರುತ್ತಿತ್ತು. ಅಡಿಕೆ ಗೊನೆ ಕೊಯ್ದು ಪಕ್ಕದ ಮರಕ್ಕೆ ದಾಟುವಾಗ ಕೈ ತಪ್ಪಿತು. ಜೊತೆಯವರು ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಿ ನೋಡಿದರು. ಆಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿ ಕರೆತಂದರು. ಉಳಿಸಬೇಕು ಅಂತಲೇ ಮಾಡಿದ್ದು, ಅವರನ್ನು ಏನೂ ಅನ್ನುವ ಹಾಗಿಲ್ಲ. ಹೊಕ್ಕುಳಿನಿಂದ ಕೆಳಗೆ ಅವನಿಗೆ ಈಗ ಬಿಸಿನೀರೂ ಗೊತ್ತಾಗುವುದಿಲ್ಲ, ಇರುವೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮೊದಲ ವರ್ಷ ಅಮ್ಮ, ನಾನು ರಾತ್ರಿಯಿಡೀ 2 ತಾಸಿಗೊಮ್ಮೆ ಅಲಾರಂ ಇಟ್ಟುಕೊಂಡು ಅವನ ಮಗ್ಗುಲು ಬದಲಿಸುತ್ತಿದ್ದೆವು. ಈಗ ಅವನದೇ ಜೆರಾಕ್ಸ್, ರೀಚಾರ್ಜ್ ಅಂಗಡಿ ಇದೆ.

ಟಿಕೆಟ್ ಹೋಗದೆ ಇರಲು ಇನ್ನೊಂದು ಕಾರಣವೂ ಇತ್ತು. ಅದರ ಮೇಲೆ ನಾನೇ ಜಾಣತನ ಮಾಡಿ 'ಪಾರ್ಶ್ವವಾಯು ಸಂಶೋಧನೆಯ ಸಹಾಯಾರ್ಥ' ಅಂತ ಹಾಕಿಸಿದ್ದೆ. ಓದಿದವರೆಲ್ಲ ಲಕ್ವ ಅಂದುಕೊಂಡರು. ಯಾವ ಊರಲ್ಲಿ ಎಣ್ಣೆ ಕೊಡುತ್ತಾರೆ, ಯಾವ ವಾರ ಹೋಗಬೇಕು, ಏನು ಪಥ್ಯ, ಎಲ್ಲ ಹೇಳಿದರು. ಟಿಕೆಟ್ ಮಾತ್ರ ತಗೊಳ್ಳಲಿಲ್ಲ. ತಮ್ಮ ರೇಗಿದ. "ಬೆನ್ನುಹುರಿಗೆ ಪೆಟ್ಟು ಬಿದ್ದಿದ್ದು ಅಂತ ನೇರವಾಗಿ ಹಾಕೋಕೆ ಏನಾಗಿತ್ತು?"

ಕೊನೆಗೆ ದಾರಿ ತೋರಿಸಿದ್ದು ಅಮ್ಮ. ಟಿಕೆಟ್ ಕಟ್ಟನ್ನು ಒಲೆ ಪಕ್ಕ ಇಟ್ಟು, "ಮದ್ವೆ ಹಂಗೆ ಕರೀರಿ. ಬಾಗ್ಲಲ್ಲಿ ಮುಯ್ಯಿ ಬುಕ್ಕು ಇಡ್ರಿ. ಉಂಡೋರು ಸುಮ್ನೆ ಹೋಗ್ತಾರಾ?" ಅಂದಳು.

ಹೋಗಲಿಲ್ಲ. ಪತ್ರಿಕೆ ಹಂಚಿದೆವು. ಆ ಭಾನುವಾರ ಸಂಜೆ ಕಲ್ಯಾಣ ಮಂಟಪಕ್ಕೆ 300ಕ್ಕೂ ಮೇಲೆ ಜನ ಬಂದರು. ಬಾಗಿಲ ಹತ್ತಿರ ಟೇಬಲ್ ಹಾಕಿಕೊಂಡು ಕುಂಕುಮ, ಹೂವು, ಕಲ್ಲುಸಕ್ಕರೆ, ಒಂದು ಉದ್ದದ ಲೆಕ್ಕದ ಬುಕ್ಕು ಇಟ್ಟುಕೊಂಡು ನಾನೇ ಕೂತೆ. ಬಟ್ಟೆ ಅಂಗಡಿ ಯಜಮಾನರು ಸೀದಾ ಬಂದು, "ಈಗ ಸರಿ ಆತು ನೋಡ್ರಿ" ಅಂತ 5,001 ಬರೆಸಿದರು. ಅದೇ ಮನುಷ್ಯ, ಅದೇ ಊಟ!

ಸನ್ಮಾನ ಹನ್ನೊಂದು ಜನಕ್ಕೆ. ಹಳೆ ಪೈಲ್ವಾನರು ನಾಲ್ವರು, ಖೊಖೊ ಆಡಿದ ಹೆಣ್ಣುಮಕ್ಕಳು ಮೂವರು, ತಮ್ಮನ ಕಬಡ್ಡಿ ಗೆಳೆಯರು, ಗಾಲಿಕುರ್ಚಿಯಲ್ಲೇ ಕೂತು ಗುಂಡು ಎಸೆಯುವ ಒಬ್ಬ ಹುಡುಗ. ಶಾಮಿಯಾನದವರು ವೇದಿಕೆಗೆ ಹಲಗೆ ಜೋಡಿಸಿ ಇಳಿಜಾರು ಮಾಡಿಕೊಟ್ಟಿದ್ದರು. ಹಣ್ಣಿನ ಬುಟ್ಟಿ ಬೇಡ, ಪೇಟ ಬೇಡ, ಒಂದೇ ಶಾಲು ಅಂತ ತಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದ. ನನಗೂ ಅದೇ ಸರಿ ಅನ್ನಿಸಿತು. ಸನ್ಮಾನದ ಹಣ್ಣು ಯಾರ ಮನೆಯಲ್ಲೂ ಪೂರ್ತಿ ಖರ್ಚಾಗಿದ್ದು ನಾನು ನೋಡಿಲ್ಲ.

ಮುಖ್ಯ ಅತಿಥಿಗಳು ಬಂದಿದ್ದು ಒಂದೂವರೆ ತಾಸು ತಡವಾಗಿ. ಅವರ ಹೆಸರು ಬೇಡ. ಬಂದವರೇ ಭಾಷಣ ಶುರು ಮಾಡಿದರು. ಕ್ರೀಡೆ, ಯುವಶಕ್ತಿ, ಕೊನೆಗೆ ಊರಿನ ರಸ್ತೆ. ವೇದಿಕೆ ಮೇಲೆ ತಮ್ಮ ಅವರ ಪಕ್ಕದಲ್ಲೇ ಇದ್ದ. ಅವನು ಕಾಲು ಗಂಟೆಗೊಮ್ಮೆ ಕುರ್ಚಿಯ ತೋಳಿಗೆ ಕೈ ಊರಿ ಸೊಂಟ ಮೇಲೆತ್ತಿ, ಸ್ವಲ್ಪ ಹೊತ್ತು ಹಾಗೇ ಇದ್ದು ಕೂರಬೇಕು. ಇಲ್ಲದಿದ್ದರೆ ಕೂತಲ್ಲೇ ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ನೋವು ಗೊತ್ತಾಗದವರಿಗೆ ಗಡಿಯಾರವೇ ನೋವು. ಹೀಗೆ ಅವನು ಮೇಲೆದ್ದಾಗ ಅತಿಥಿಗಳು ಭಾಷಣ ನಿಲ್ಲಿಸಿ, ಅವನ ಭುಜ ತಟ್ಟಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಗೌರವ ಮನಸಲ್ಲಿದ್ರೆ ಸಾಕು" ಅಂದರು.

ಜನ ಚಪ್ಪಾಳೆ ಹೊಡೆದರು. ನಾನು ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡೆ. ತಮ್ಮ ಮಾತ್ರ ಗಂಭೀರವಾಗಿ ಕೈ ಮುಗಿದ. ಹದಿನೈದು ನಿಮಿಷ ಬಿಟ್ಟು ಮತ್ತೆ ಎದ್ದ. ಅವರು ಮತ್ತೆ ಕೂರಿಸಿದರು. ಮೂರನೇ ಸಲ ಎದ್ದಾಗ ಭಾಷಣವೇ ಮುಗಿಯಿತು. ಇವನ ಈ ವಿದ್ಯೆ ಊರಿನ ಎಲ್ಲ ಸಭೆಗಳಿಗೂ ಬೇಕು ಅಂತ ಖೊಖೊ ಆಡಿದವರೊಬ್ಬರು ಆಮೇಲೆ ಅಂದರು.

ಆ ದಿನ ಜನ ನಿಜವಾಗಿ ಕಿವಿಗೊಟ್ಟು ಕೇಳಿದ್ದು ನಾವು ಕರೆಸಿದ್ದ ಡಾಕ್ಟರ ಮಾತನ್ನು. ವೇದಿಕೆ ಹತ್ತದೆ ಕೆಳಗೇ ನಿಂತು ಕಿರುಬೆರಳು ತೋರಿಸಿ ಶುರು ಮಾಡಿದರು. ಬೆನ್ನುಹುರಿ ಹೆಚ್ಚುಕಡಿಮೆ ಇಷ್ಟು ದಪ್ಪ, ಉದ್ದ ಸುಮಾರು 45 ಸೆಂಟಿಮೀಟರ್. ಕೈಯ ನರ ಕತ್ತರಿಸಿದರೆ ಹೊಲಿದ ಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆದು ದಾರಿ ಹುಡುಕಿಕೊಳ್ಳುತ್ತದೆ. ಬೆನ್ನುಹುರಿಯ ಎಳೆಗಳು ಹಾಗೆ ಬೆಳೆಯುವುದಿಲ್ಲ. ಪೆಟ್ಟಾದಲ್ಲಿ ಕಲೆ ಕಟ್ಟುತ್ತದೆ. ಅಲ್ಲಿರುವ ಕೆಲವು ವಸ್ತುಗಳೇ ಬೆಳೆಯಲು ಬಿಡುವುದಿಲ್ಲ.

ಹಿರಿಯ ಪೈಲ್ವಾನರು ಕೈ ಎತ್ತಿದರು. "ಆ ಕಲೆ ಕೆರೆದು ತೆಗೆದ್ರೆ ಆಗಲ್ವೇನ್ರಿ?"

ಡಾಕ್ಟರು ಖುಷಿಯಾದರು. ವಿಜ್ಞಾನಿಗಳೂ ಅದನ್ನೇ ಕೇಳಿದ್ದಾರೆ ಅಂದರು. ಇಲಿಗಳಲ್ಲಿ ಅದನ್ನು ಕರಗಿಸುವ ಕಿಣ್ವ ಸ್ವಲ್ಪ ಕೆಲಸ ಮಾಡಿದೆ. ಆದರೆ ಅದೇ ಕಲೆ ಪೆಟ್ಟು ಪಕ್ಕಕ್ಕೆ ಹರಡದಂತೆ ಬೇಲಿಯೂ ಹೌದು. ಬೇಲಿ ಕಿತ್ತರೆ ಏನಾಗುತ್ತೆ ಅನ್ನೋದನ್ನೂ ನೋಡಬೇಕಲ್ಲ. ಆಮೇಲೆ ಮಯಾಮಿಯವರ ಕೆಲಸ ಹೇಳಿದರು. ಕಾಲಿನ ನರದಿಂದ, ನರದ ಎಳೆ ಬೆಳೆಯಲು ನೆರವಾಗುವ ಶ್ವಾನ್ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಬೆನ್ನುಹುರಿಗೆ ಹಾಕಿ ನೋಡಲು ಅವರಿಗೆ 2012ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು.

"ನಾಯಿದಾ?" ಅಂತ ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಡಾಕ್ಟರೇ. ಶ್ವಾನ್ ಅಂದರೆ ಜರ್ಮನಿಯ ವಿಜ್ಞಾನಿಯ ಹೆಸರಂತೆ. ರೋಗಿಯ ಮೈಯಿಂದಲೇ ತೆಗೆದ ಕೋಶ. 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆನ್ನುಹುರಿಯ ಮೇಲೆ ವಿದ್ಯುತ್ ತಂತಿಯ ಪಟ್ಟಿ ಇಟ್ಟು, ವರ್ಷಗಟ್ಟಲೆ ನಡೆಯದಿದ್ದ ಕೆಲವರು ಆಸರೆ ಹಿಡಿದು ಹೆಜ್ಜೆ ಹಾಕಿದ್ದನ್ನೂ ಹೇಳಿದರು. ಆಗ ಅಮ್ಮ ತಮ್ಮನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇವತ್ತಿಗೆ ವಾಸಿ ಮಾಡೋ ಔಷಧಿ ಇಲ್ಲ. ಇದೆ ಅನ್ನೋರಿಗೆ ದುಡ್ಡು ಕೊಡಬೇಡಿ" ಅಂದರು.

ಕೊನೆಗೆ ಒಬ್ಬ ಕಬಡ್ಡಿ ಹುಡುಗನನ್ನು ನೆಲದ ಮೇಲೆ ಮಲಗಿಸಿ ತೋರಿಸಿದರು. ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬಾರದು. ನೀರು ಕುಡಿಸಬಾರದು. ಆಟೋದಲ್ಲಿ ಮಡಚಬಾರದು. 108ಕ್ಕೆ ಫೋನ್ ಮಾಡಿ, ತಲೆ ಅಲುಗದಂತೆ ಹಿಡಿದುಕೊಂಡು ಕಾಯಬೇಕು. ಎತ್ತಲೇಬೇಕಾದರೆ ಹಲಗೆಯೋ ಬಾಗಿಲೋ ತಂದು, ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಬೇಕು. ತಮ್ಮನನ್ನು ಅವತ್ತು ತೋಟದಿಂದ ಕರೆತಂದ ಇಬ್ಬರೂ ಮೂರನೇ ಸಾಲಿನಲ್ಲಿ ಕೂತಿದ್ದರು. ಅವರತ್ತ ನೋಡಬಾರದು ಅಂದುಕೊಂಡೂ ನೋಡಿದೆ. ಒಬ್ಬ ಎದ್ದು ಹೊರಗೆ ಹೋದ. ತಮ್ಮ ಕುರ್ಚಿ ತಳ್ಳಿಕೊಂಡು ಅವನ ಹಿಂದೆ ಹೋದ. ಏನು ಮಾತಾಡಿದರೋ ಗೊತ್ತಿಲ್ಲ. ಊಟಕ್ಕೆ ಇಬ್ಬರೂ ಒಟ್ಟಿಗೆ ಬಂದರು.

ಊಟ ಚೆನ್ನಾಗಿತ್ತು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಡಾಕ್ಟರು ಊಟಕ್ಕಿಂತ ಮೊದಲು ಕೊಟ್ಟ ಮಂಡಕ್ಕಿ, ಮೆಣಸಿನಕಾಯನ್ನೇ ಎರಡು ಸಲ ಹಾಕಿಸಿಕೊಂಡರು.

ಜನ ಕರಗುತ್ತಿದ್ದಾಗ ಚನ್ನಗಿರಿ ಕಡೆಯ ಒಬ್ಬ ಹಿರಿಯರು ನನ್ನ ಟೇಬಲ್ಲಿಗೆ ಬಂದರು. ಅಂಗೈ ನೋಡಿದರೇ ಮರ ಹತ್ತುವವರು ಅಂತ ಗೊತ್ತಾಗುತ್ತಿತ್ತು. ಈಗೀಗ ಕೆಳಗೇ ನಿಂತು ಕೊಯ್ಯುವ ದೋಟಿ ಬಂದಿದೆ, ಎಲ್ಲ ತೋಟಕ್ಕೂ ಬಂದಿಲ್ಲ ಅಂದರು. 101 ರೂಪಾಯಿ ಇಟ್ಟು ಹೆಸರು ಬರೆಸಿದರು. ನಾನು ಬರೆದದ್ದನ್ನು ಬೆರಳಿಟ್ಟು ನೋಡಿ ಕೇಳಿದರು. "ಮುಯ್ಯಿ ಅಂದ್ಮೇಲೆ ತಿರುಗಿ ಹಾಕ್ಬೇಕಲ್ಲ ತಾಯಿ. ಇದನ್ನ ಯಾವಾಗ ಹಾಕ್ತೀರಿ? ನಾನಿರ್ತೀನಾ?"

ಔಷಧಿ ಬರುವ ಹೊತ್ತಿಗೆ ಅಂತ ಅವರ ಅರ್ಥ. ನನಗೆ ಉತ್ತರ ಬರಲಿಲ್ಲ. ಕಲ್ಲುಸಕ್ಕರೆ ಕೊಟ್ಟೆ.

ರಾತ್ರಿ ಲೆಕ್ಕಕ್ಕೆ ಕೂತಾಗ ಜಗಳ ಶುರುವಾಯಿತು. ಖರ್ಚು ಕಳೆದು ಒಂದು ಲಕ್ಷದ ಚಿಲ್ಲರೆ ಉಳಿದಿತ್ತು. ಕಬಡ್ಡಿ ಹುಡುಗರಿಗೆ ಅಷ್ಟನ್ನೂ ಇಲ್ಲಿಯವರಿಗೇ ಖರ್ಚು ಮಾಡುವ ಆಸೆ. ಮೂತ್ರದ ನಳಿಕೆ, ಗಾಳಿ ಹಾಸಿಗೆ, ಗಾಲಿಕುರ್ಚಿ. "ಸಂಶೋಧನೆಗೆ ನಮ್ಮ ಲಕ್ಷ ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಅಂದ ಒಬ್ಬ. ನಾನೂ ಅವರ ಕಡೆಗೇ ಇದ್ದೆ. ಎರಡು ತಾಸಿಗೊಮ್ಮೆ ಎದ್ದವಳಿಗೆ ಗಾಳಿ ಹಾಸಿಗೆಯ ಬೆಲೆ ಗೊತ್ತು. ತಮ್ಮ ಒಪ್ಪಲಿಲ್ಲ. "ಪತ್ರಿಕೇಲಿ ಸಂಶೋಧನೆ ಅಂತ ಹಾಕಿ ಉಣ್ಣೋಕೆ ಕರೆದಿದೀವಿ. ಅರ್ಧನಾದ್ರೂ ಅಲ್ಲಿಗೇ ಹೋಗ್ಬೇಕು" ಅಂದ. ಹಾಗೇ ಆಯಿತು.

ಎಲ್ಲರೂ ಹೋದ ಮೇಲೆ ಇನ್ನೊಂದು ಸಲ ಬುಕ್ಕು ತಿರುವಿದೆ. ಕೊನೆಯ ಪುಟದಲ್ಲಿ, ನನ್ನ ಕೈಬರಹವಲ್ಲದ ಒಂದು ಸಾಲು. ತಮ್ಮನ ಹೆಸರು, 500 ರೂಪಾಯಿ.

"ನೀನ್ಯಾಕೋ ಹಾಕಿದೆ?" ಅಂತ ಕೇಳಿದೆ.

ಅವನು ಮಂಚದ ಪಕ್ಕ ಕುರ್ಚಿಗೆ ಬ್ರೇಕ್ ಹಾಕುತ್ತಿದ್ದ. "ಯಾಕಂದ್ರೆ? ನಾನೂ ಉಂಡಿದೀನಲ್ಲ" ಅಂದ.