"ಪಕ್ಕದ ಮುಸ್ಲಿಂ ದೇಶಕ್ಕೆ ಹೋಗೋಕೇನು?" ಅಂತ ಕೇಳೋರಿಗೆ

ಮ್ಯಾನ್ಮಾರ್‌ನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳ ಮಾತು ತೆಗೆದ್ರೆ ಸಾಕು, ಆಫೀಸಲ್ಲಾಗ್ಲಿ ಮದುವೆ ಮನೇಲಾಗ್ಲಿ, ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ: "ಅಲ್ಲಾ, ಪಕ್ಕದಲ್ಲೇ ಅಷ್ಟೊಂದು ಮುಸ್ಲಿಂ ದೇಶ ಇದಾವಲ್ಲ, ಅಲ್ಲಿಗೆ ಹೋಗೋಕೇನು ಇವ್ರಿಗೆ?"

ಹೋಗಿದಾರೆ ಸ್ವಾಮಿ. ಹೋದ್ಮೇಲೆ ಏನಾಯ್ತು ಅನ್ನೋದೇ ಕಥೆ.

2017ರ ಆಗಸ್ಟಲ್ಲಿ ಮ್ಯಾನ್ಮಾರ್ ಸೇನೆ ಅಲ್ಲಿನ ರಖೈನ್ ರಾಜ್ಯದಲ್ಲಿ ಇವ್ರ ಊರೂರೇ ಸುಡೋಕೆ ಶುರು ಮಾಡ್ದಾಗ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಸೇರಿದ್ರು. ಅಷ್ಟು ಜನಕ್ಕೆ ಬಾಂಗ್ಲಾ ಜಾಗ ಕೊಡ್ತು, ಅದು ಸಣ್ಣ ಮಾತಲ್ಲ. ಆದ್ರೆ ಕ್ಯಾಂಪ್ ಸುತ್ತ ಮುಳ್ಳುತಂತಿ, ಹೊರಗೆ ಹೋಗಿ ದುಡಿಯೋ ಹಾಗಿಲ್ಲ, ಮಕ್ಳನ್ನ ಊರಿನ ಸ್ಕೂಲಿಗೆ ಸೇರ್ಸೋ ಹಾಗಿಲ್ಲ, ರೇಷನ್ ನಂಬ್ಕೊಂಡೇ ಜೀವನ, ಆ ರೇಷನ್ನೂ 2023ರಲ್ಲಿ ಫಂಡ್ ಇಲ್ಲ ಅಂತ ತಲೆಗೆ ತಿಂಗಳಿಗೆ 12 ಡಾಲರಿಂದ 8 ಡಾಲರಿಗೆ ಇಳೀತು.

ಮಲೇಷ್ಯಾದಲ್ಲಿ 1 ಲಕ್ಷಕ್ಕೂ ಜಾಸ್ತಿ ಇದಾರೆ. ಜೇಬಲ್ಲಿ ನಿರಾಶ್ರಿತರು ಅಂತ ಯುಎನ್ ಕೊಟ್ಟ ಕಾರ್ಡ್ ಇದ್ರೂ ಅಲ್ಲಿನ ಇಮಿಗ್ರೇಷನ್ ಕಾನೂನಿಗೆ ಅವ್ರು ಅಕ್ರಮವಾಗಿ ನುಗ್ಗಿದವ್ರೇ, ಕೆಲಸಕ್ಕೆ ಪರ್ಮಿಟ್ ಇಲ್ಲ. 2015ರ ಮೇನಲ್ಲಂತೂ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ ಮೂರೂ ಸೇರಿ ಜನ ತುಂಬಿದ ದೋಣಿಗಳನ್ನ ವಾಪಸ್ ಸಮುದ್ರಕ್ಕೇ ತಳ್ತಾ ಇದ್ವು. ಆಗ ಎಳೆದು ದಡ ಸೇರ್ಸಿದ್ದು ಇಂಡೋನೇಷ್ಯಾದ ಆಚೆ (Aceh) ಅನ್ನೋ ಪ್ರಾಂತ್ಯದ ಮೀನುಗಾರರು. ಅದೇ ಆಚೆ ಪ್ರಾಂತ್ಯದಲ್ಲಿ 2023ರ ಡಿಸೆಂಬರಲ್ಲಿ ಕಾಲೇಜು ಹುಡುಗ್ರ ಗುಂಪೊಂದು ರೋಹಿಂಗ್ಯಾ ಹೆಂಗಸರು ಮಕ್ಳು ಇದ್ದ ಜಾಗಕ್ಕೇ ನುಗ್ತು. ಧರ್ಮ ಎರಡೂ ಕಡೆ ಒಂದೇ, ನೋಡಿ.

ಯಾಕೆ ಹೀಗೆ ಅಂದ್ರೆ, ಈ ನಾಲ್ಕು ದೇಶಗಳೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ, ನಮ್ಮ ಭಾರತವೂ ಸೇರಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ, ಎಲ್ಲಾ ಸರ್ಕಾರದ ಮನಸ್ಸಿನ ಮೇಲೆ. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಜಮೀನು ಸಿಕ್ಕಿದ್ದು ಆಗಿನ ಸರ್ಕಾರ ಮನಸ್ಸು ಮಾಡಿದ್ದಕ್ಕೆ. ಜಮ್ಮುವಿನಲ್ಲಿ ಹಿಡಿದಿಟ್ಟಿದ್ದ ರೋಹಿಂಗ್ಯಾಗಳ ವಿಷಯಕ್ಕೆ ಬಂದ್ರೆ, ಅವ್ರನ್ನ ಬಿಡ್ಸೋಕೆ 2021ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ನಿಯಮದ ಪ್ರಕಾರ ಗಡಿಪಾರು ಮಾಡ್ಬಹುದು ಅಂತು.

"ಸರಿ, ಹಾಗಾದ್ರೆ ವಾಪಸ್ ಹೋಗ್ಲಿ" ಅಂತಾರೆ ಆಮೇಲೆ. 2018ರ ನವೆಂಬರಲ್ಲಿ ಒಂದ್ಸಲ, 2019ರ ಆಗಸ್ಟಲ್ಲಿ ಇನ್ನೊಂದ್ಸಲ ಬಾಂಗ್ಲಾ ಸರ್ಕಾರ ಡೇಟ್ ಫಿಕ್ಸ್ ಮಾಡಿ ಬಸ್ಸು ತಂದು ನಿಲ್ಸಿತ್ತು. ಒಬ್ರೂ ಹತ್ತಲಿಲ್ಲ. ಅವ್ರನ್ನ ಪೌರತ್ವದಿಂದ ಹೊರಗಿಟ್ಟ ಮ್ಯಾನ್ಮಾರ್‌ನ 1982ರ ಕಾನೂನು ಇನ್ನೂ ಹಾಗೇ ಇರುವಾಗ ಯಾವ ಧೈರ್ಯದ ಮೇಲೆ ಹತ್ತಬೇಕಿತ್ತು?